ಆತ್ಮಕಥೆ ಇನ್‌ಸ್ಪೆಕ್ಟ್ರು

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಆತ್ಮಕಥೆ ಇನ್‌ಸ್ಪೆಕ್ಟ್ರು ಎಂದರೆ ಹಾಲು ಹಾಕುವ ಹುಡುಗನೂ ಮನೆ ತೋರಿಸುತ್ತಾನೆ. ನೌಕರಿಯಲ್ಲಿದ್ದಾಗ ಅವರು ಹುಳದ ಇನ್‌ಸ್ಪೆಕ್ಟ್ರು. ರೇಷ್ಮೆ ಇಲಾಖೆಯಲ್ಲಿ ಸೇರಿ, ಹನೂರು, ಯಳಂದೂರು, ಕೊಳ್ಳೇಗಾಲ ಎಂದು ಸುತ್ತಿ, ನಿವೃತ್ತಿಯ ಮಾರನೆಯ ದಿನದಿಂದ ಓದಲು ಕುಳಿತವರು ಇನ್ನೂ ಎದ್ದಿಲ್ಲ. ಕಾದಂಬರಿ ಕೊಟ್ಟರೆ ‘ಇಲ್ಲದವರ ಕತೆ ಕಟ್ಕೊಂಡು ನನಗೇನಾಗ್ಬೇಕು’ ಎಂದು ವಾಪಸು ಕೊಡುತ್ತಾರೆ. ಕವನ ಸಂಕಲನ ಕೊಟ್ಟರೆ ಪುಟ ತಿರುವಿ ‘ಅರ್ಧ ಹಾಳೆ ಖಾಲಿ ಬಿಟ್ಟವನೆ’ ಎಂದು ಕಾಗದದ ದಂಡಕ್ಕೆ ಮರುಗುತ್ತಾರೆ. ಆತ್ಮಕಥೆ ಎಂದರೆ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಕ ಒರೆಸಿ, ಕೆಂಪು ಪೆನ್ಸಿಲ್ ಚೂಪು ಮಾಡಿ ಕೂರುತ್ತಾರೆ. ಯಾರದೋ ಮನೆಯೊಳಗೆ ಹೋಗುವಾಗ ಸ್ವಲ್ಪ ನೀಟಾಗಿರಬೇಡವೇ?

ಪುಸ್ತಕ ಹಿಡಿಯುವ ರೀತಿಯಲ್ಲೇ ಹಳೆಯ ಕಸುಬು ಕಾಣುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ಲಾಟಿನಿಂದ ಒಂದು ಹಿಡಿ ಎತ್ತಿ, ಹೆಬ್ಬೆರಳಿನಿಂದ ಅದುಮಿ, ಕಿವಿಯ ಹತ್ತಿರ ತಂದು ಅಲ್ಲಾಡಿಸಿ, ಒಳಗಿನ ಹುಳು ಗಲಗಲ ಎನ್ನುತ್ತದೋ ಇಲ್ಲವೋ ಎಂದು ನೋಡುವಂತೆ, ಮಧ್ಯದ ಯಾವುದೋ ಹತ್ತು ಪುಟ ತೆರೆದು ಅಲ್ಲಾಡಿಸುತ್ತಾರೆ. ಅಲ್ಲಿ ಒಂದು ಸಾಲ, ಒಂದು ಜಗಳ, ಒಂದು ಅವಮಾನ, ಇವುಗಳಲ್ಲಿ ಯಾವುದಾದರೂ ಸಿಕ್ಕಿದರೆ ‘ಗಟ್ಟಿ ಗೂಡು’. ಬರೀ ಸನ್ಮಾನ, ಭಾಷಣ, ವಿಮಾನ ಪ್ರಯಾಣ ಸಿಕ್ಕಿದರೆ ‘ಜಳ್ಳು, ನೂಲು ಬರಕಿಲ್ಲ’.

ಇದಕ್ಕೆ ಅವರದೇ ಒಂದು ವಿಮರ್ಶಾ ಸಿದ್ಧಾಂತವಿದೆ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕುಳಿತು ಪೊರೆ ಕಳಚುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ. ಇನ್‌ಸ್ಪೆಕ್ಟರ ಪ್ರಕಾರ ಕನ್ನಡದ ಯಾವ ಆತ್ಮಕಥೆಗಾದರೂ ನಾಲ್ಕೇ ಜ್ವರ. ಒಂದನೆಯದು ಅಪ್ಪನ ಅಥವಾ ಮೇಷ್ಟ್ರ ಏಟು. ಎರಡನೆಯದು ವಾರಾನ್ನ, ಇಲ್ಲವೇ ಹಾಸ್ಟೆಲಿನ ಸಾರು. ಮೂರನೆಯದು ನೌಕರಿ, ವರ್ಗಾವಣೆ ಮತ್ತು ಒಬ್ಬ ದುಷ್ಟ ಮೇಲಧಿಕಾರಿ. ನಾಲ್ಕನೆಯದು ತನಗೆ ಬರಬೇಕಾದ ಪ್ರಶಸ್ತಿಯನ್ನು ಇನ್ನೊಬ್ಬನಿಗೆ ಕೊಟ್ಟ ಸಮಿತಿ. ‘ನಾಲ್ಕನೇ ಜ್ವರ ಎದ್ದಮೇಲೆ ಹುಳ ಹೆಂಗೆ ತಿಂತದೆ ನೋಡಿದ್ದೀರಾ? ಹಗಲೂ ರಾತ್ರಿ ಸೊಪ್ಪು ಹಾಕಿದ್ರೂ ಸಾಲ್ದು. ಶಾಲು, ಹಾರ, ಅಧ್ಯಕ್ಷತೆ, ಎಲ್ಲಾ ತಿಂದು ಮೈ ಹಣ್ಣಾಯ್ತದೆ. ಆಮೇಲೆ ಚಂದ್ರಿಕೆ ಹತ್ತಿ ತನ್ನ ಸುತ್ತ ತಾನೇ ಸುತ್ಕೊಳಕ್ಕೆ ಶುರು. ಅದೇ ಆತ್ಮಕಥೆ ಕನ್ರೀ.’

ಶಿವರಾಮ ಕಾರಂತರು ಈ ಸಿದ್ಧಾಂತಕ್ಕೆ ಒಗ್ಗಲಿಲ್ಲ. ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಬಂದದ್ದು 1948ರಲ್ಲಿ. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಬರೆದಾದ ಮೇಲೆ 1997ರವರೆಗೆ, ಹತ್ತಿರ ಹತ್ತಿರ ಅರ್ಧ ಶತಮಾನ, ಬದುಕಿದರು. ಇನ್‌ಸ್ಪೆಕ್ಟ್ರು ಬಹಳ ದಿನ ತಲೆ ಕೆಡಿಸಿಕೊಂಡು ಕೊನೆಗೆ ತೀರ್ಪು ಕೊಟ್ಟರು: ‘ಮೂರು ಜ್ವರಕ್ಕೇ ಗೂಡು ಕಟ್ಟೋ ತಳೀನೂ ಉಂಟು. ಆದ್ರೆ ಗೂಡು ಕಟ್ಟಿ, ಅದನ್ನ ಒಡೆದು ಬಂದು, ಮತ್ತೆ ಸೊಪ್ಪು ತಿಂದ ಹುಳ ಇದೊಂದೇ.’ ಮುಂದೆ ಕಾರಂತರು ‘ಸ್ಮೃತಿಪಟಲದಿಂದ’ ಎಂದು ಮತ್ತೂ ಸಂಪುಟಗಳನ್ನು ಬರೆದರು ಎಂದು ತಿಳಿದಾಗ ಎರಡನೇ ಬೆಳೆಯೂ ಬಂತೆಂದು ಕೈ ಮುಗಿದರು.

ಓದುವಾಗ ಅವರ ಬಾಯಲ್ಲಿ ಬರುವುದು ಒಂದೇ ಮಾತು: ‘ನಮ್ಮನೇಲೂ ಹಿಂಗೇ.’ ಬರೆದವರು ನಟರಿರಲಿ, ವಿಜ್ಞಾನಿಯಿರಲಿ, ಮಂತ್ರಿಯಿರಲಿ, ಅವರ ಬದುಕು ಇನ್‌ಸ್ಪೆಕ್ಟರ ಬದುಕಿನ ನಕಲು ಪ್ರತಿ. ಎಸ್.ಎಲ್. ಭೈರಪ್ಪನವರು ‘ಭಿತ್ತಿ’ಯಲ್ಲಿ ಬೊಂಬಾಯಿಯ ರೈಲ್ವೆ ಸ್ಟೇಷನ್ನಿನಲ್ಲಿ ಕೂಲಿಯಾಗಿ ಹೊರೆ ಹೊತ್ತದ್ದನ್ನು ಓದಿದರೆ, ಇವರು ಯಳಂದೂರಿನ ರೈತನ ಮನೆಯಲ್ಲಿ ಒಂದು ಚಂದ್ರಿಕೆ ಎತ್ತಿ ಬಿಸಿಲಿಗಿಟ್ಟದ್ದು ನೆನಪಾಗುತ್ತದೆ. ಎಚ್. ನರಸಿಂಹಯ್ಯನವರು ಹೈಸ್ಕೂಲು ಓದುವುದಕ್ಕಾಗಿ ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದ ಪ್ರಸಂಗ ‘ಹೋರಾಟದ ಹಾದಿ’ಯಲ್ಲಿ ಬರುತ್ತದೆ. ಅದನ್ನು ಓದಿದ ಸಂಜೆ ಇವರು ಜಗಲಿಯಲ್ಲಿ ನಾಲ್ಕು ಜನರ ಮುಂದೆ ಘೋಷಿಸಿದರು: ‘ನಾನೂ ಹನೂರಿಂದ ಕೊಳ್ಳೇಗಾಲಕ್ಕೆ ನಡಕೊಂಡು ಬಂದಿದ್ದೆ.’

ಒಳಗಿನಿಂದ ಅವರ ಹೆಂಡತಿ ಅಮ್ಮನವರ ದನಿ ಬಂತು: ‘ಬಸ್ ಸ್ಟ್ರೈಕ್ ದಿನ. ಕಾಮಗೆರೆ ತಂಕ. ಅಲ್ಲಿಂದ ಲಾರಿ.’

ಈ ‘ನಮ್ಮನೇಲೂ ಹಿಂಗೇ’ ನಿಂತುಹೋದದ್ದು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಕೈಗೆ ಬಂದಾಗ. ಎಂದಿನಂತೆ ಪೆನ್ಸಿಲ್ ಹಿಡಿದು ಆ ಪುಸ್ತಕದಲ್ಲಿ ತಾನೆಲ್ಲಿದ್ದೇನೆ ಎಂದು ಹುಡುಕಿದರು. ಸಿಕ್ಕರು. ಆದರೆ ಕತೆ ಹೇಳುತ್ತಿದ್ದವರ ಜಾಗದಲ್ಲಲ್ಲ, ಎದುರಿಗೆ, ನೀರನ್ನು ಎತ್ತರದಿಂದ ಹೊಯ್ಯುವವರ ಸಾಲಿನಲ್ಲಿ. ಚಿಕ್ಕಂದಿನಲ್ಲಿ ತಮ್ಮ ಮನೆಯ ಹಿತ್ತಿಲಲ್ಲಿ ಹುಲ್ಲು ಕೊಯ್ಯಲು ಬರುತ್ತಿದ್ದವರಿಗೆ ಅಜ್ಜಿ ಹಾಗೆಯೇ ನೀರು ಕೊಡುತ್ತಿದ್ದುದು, ಚೊಂಬು ತಂದುಕೊಡುವ ಕೆಲಸ ತಮ್ಮದಾಗಿದ್ದುದು ಅವರಿಗೆ ನೆನಪಿತ್ತು. ಒಂದು ವಾರ ಜಗಲಿಗೆ ಬರಲಿಲ್ಲ. ಬಂದಾಗ ‘ಗಟ್ಟಿ ಗೂಡು’ ಎಂದಷ್ಟೇ ಹೇಳಿ ಹವಾಮಾನದ ಮಾತೆತ್ತಿದರು. ಆ ಪುಸ್ತಕದಲ್ಲಿ ಮಾತ್ರ ಒಂದು ಕೆಂಪು ಗೆರೆಯೂ ಇಲ್ಲ.

ಅದು ಬಿಟ್ಟರೆ ಅವರ ದೊಡ್ಡ ದೂರು ಒಂದೇ. ಕನ್ನಡದ ಇಷ್ಟೊಂದು ಮಹನೀಯರು ಇಷ್ಟೊಂದು ನೆನಪು ಮಾಡಿಕೊಂಡಿದ್ದಾರೆ, ಒಬ್ಬರ ನೆನಪಿನಲ್ಲೂ ನೆಟ್ಟಗೆ ಕೊಳ್ಳೇಗಾಲ ಬರುವುದಿಲ್ಲ. ಶಿವಮೊಗ್ಗದವರ ನೆನಪಿನಲ್ಲಿ ಮಳೆ, ಧಾರವಾಡದವರ ನೆನಪಿನಲ್ಲಿ ಪೇಡೆ ಮತ್ತು ಬೇಂದ್ರೆ, ಮೈಸೂರಿನವರ ನೆನಪಿನಲ್ಲಿ ಮಹಾರಾಜಾ ಕಾಲೇಜಿನ ಕಂಬಗಳು. ನಮ್ಮೂರು ಬಂದರೆ ‘ಅಷ್ಟರಲ್ಲಿ ಕೊಳ್ಳೇಗಾಲದಿಂದ ಒಬ್ಬ ಮಂತ್ರವಾದಿಯನ್ನು ಕರೆಸಲಾಯಿತು’ ಎಂಬಲ್ಲಿ. ‘ಇಷ್ಟು ರೇಷ್ಮೆ ನೇಯ್ದು ಕೊಟ್ಟಿದ್ದೀವಿ, ಸೀರೆ ಉಟ್ಟವರ್ಯಾರೂ ಬರೀಲಿಲ್ಲ. ನಿಂಬೆಹಣ್ಣು ಕೊಯ್ದದ್ದನ್ನ ಮಾತ್ರ ಎಲ್ಲಾರೂ ಬರೆದವ್ರೆ!’ ಇದಕ್ಕೆ ಅವರು ಕಂಡುಕೊಂಡ ಕಾರಣ ಆಡಳಿತಾತ್ಮಕ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಗ್ಗುಲಲ್ಲೇ ಇದ್ದ ಯಳಂದೂರು ಮೈಸೂರು ಸೀಮೆ. ಮೈಸೂರಿನ ಲೇಖಕರ ಬಾಲ್ಯಕ್ಕೆ ನಾವು ಪರದೇಶ, ತಮಿಳು ಲೇಖಕರಿಗೆ ನಾವು ಕನ್ನಡದವರು. ‘ಹಿಂಗಾಗಿ ಯಾರ ಬಾಲ್ಯಾನೂ ನಮ್ಮೂರಲ್ಲಿ ನಡೀಲಿಲ್ಲ’ ಎಂದು ನಿಟ್ಟುಸಿರಿಡುತ್ತಾರೆ.

ಬಿಳಿಯ ಬೇಟೆಗಾರರು ಬರೆದಿದ್ದಾರಲ್ಲ ಎಂದು ಸಮಾಧಾನ ಮಾಡಲು ಹೋದೆ. ಚಾಮರಾಜನಗರದ ಹತ್ತಿರ ಬೀಡುಬಿಟ್ಟು ಬಿಳಿಗಿರಿರಂಗನ ಬೆಟ್ಟ ಸುತ್ತಿದ ಸ್ಯಾಂಡರ್‌ಸನ್ ಕಾಡುಪ್ರಾಣಿಗಳ ನಡುವೆ ಕಳೆದ ಹದಿಮೂರು ವರ್ಷಗಳ ಪುಸ್ತಕವನ್ನು 1878ರಲ್ಲೇ ಅಚ್ಚು ಹಾಕಿಸಿದ್ದ. ಆಮೇಲೆ ಕೆನೆತ್ ಆಂಡರ್‌ಸನ್. ಇನ್‌ಸ್ಪೆಕ್ಟ್ರು ಎರಡನ್ನೂ ಓದಿದ್ದರು. ‘ಇದೆ, ನಮ್ಮ ಸೀಮೆ ಇದೆ. ಆದ್ರೆ ಹೆಸರು, ಗುಣ, ನಡತೆ ಎಲ್ಲಾ ಹುಲಿಗೆ. ನಮ್ಮೋರು ಬರೋದು ಮರ ಹತ್ತಕ್ಕೆ.’

ಯಳಂದೂರಿನ ಮೇಲೆ ಅವರ ಸಿಟ್ಟು ಬೇರೆ ತರಹದ್ದು. ಬರೆಯಬೇಕಾದವರೆಲ್ಲ ಅಲ್ಲಿದ್ದೂ ಬರೆಯಲಿಲ್ಲ. ಸಂಚಿ ಹೊನ್ನಮ್ಮ ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದು ಓಡಾಡಿದವಳು, ಯಾರ ಬಾಯಿ ಯಾವಾಗ ಕೆಂಪಾಯಿತೆಂದು ಬಲ್ಲವಳು. ಬರೆದದ್ದು ‘ಹದಿಬದೆಯ ಧರ್ಮ’. ನಾಟಕಕಾರ ಸಂಸ ಯಳಂದೂರಿನ ಅಗರದಲ್ಲಿ 1898ರಲ್ಲಿ ಹುಟ್ಟಿ, ಊರೂರು ಅಲೆದು, 1939ರಲ್ಲಿ ತೀರಿಕೊಂಡರು. ಉಳಿದದ್ದು ಮೈಸೂರು ಅರಸರ ಮೇಲಿನ ಆರು ನಾಟಕ. ತಮ್ಮ ಮೇಲೆ ಒಂದು ಅಂಕವೂ ಇಲ್ಲ. ಇನ್ನು ದಿವಾನ್ ಪೂರ್ಣಯ್ಯ. 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದವರು. ‘ಹೈದರನ ಹತ್ರ, ಟಿಪ್ಪು ಹತ್ರ, ಆಮೇಲೆ ಇಂಗ್ಲಿಷರು ಕೂರಿಸಿದ ಒಡೆಯರ ಹತ್ರ! ಒಂದು ಆತ್ಮಕಥೆ ಬರೆದಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ’ ಎಂದು ಅಲ್ಲಿನ ಬಳೆಮಂಟಪದ ಕಲ್ಲಿನ ಬಳೆಗಳ ಕೆಳಗೆ ನಿಂತು ನನ್ನನ್ನು ಕೇಳಿದರು. ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಮುದುಕರೊಬ್ಬರು ತಲೆ ಎತ್ತದೆ ಹೇಳಿದರು: ‘ಬರೆದಿದ್ರ ಎರಡನೇ ಕಡ ಕೆಲ್ಸ ಸಿಕ್ತಿತ್ತಾ ಸಾ?’

ಹನೂರಿನಲ್ಲಿ ಪರಿಸ್ಥಿತಿ ತದ್ವಿರುದ್ಧ. ಅಲ್ಲಿ ಟೀ ಅಂಗಡಿಗೊಂದು ಆತ್ಮಕಥೆ, ಎಲ್ಲದರಲ್ಲೂ ವೀರಪ್ಪನ್‌ದು ಒಂದು ಅಧ್ಯಾಯ. ಗೋಪಿನಾಥಂ ಆ ಕಡೆಯದೇ ಊರಾದ್ದರಿಂದ ಅಲ್ಲಿ ಒಂದು ವಯಸ್ಸು ದಾಟಿದ ಪ್ರತಿಯೊಬ್ಬರ ಬಳಿಯೂ ಅವನು ಬೆಂಕಿಪೊಟ್ಟಣ ಕೇಳಿದ್ದಾನೆ, ಇಲ್ಲವೇ ದಾರಿ ಕೇಳಿದ್ದಾನೆ, ಇಲ್ಲವೇ ‘ಚೆನ್ನಾಗಿದ್ದೀಯಾ ತಮ್ಮಾ’ ಎಂದಿದ್ದಾನೆ. ಇನ್‌ಸ್ಪೆಕ್ಟ್ರು ಲೆಕ್ಕ ಹಾಕಿ ನೋಡಿದರು: ಇವೆಲ್ಲ ನಿಜವಾದರೆ ಆ ಮನುಷ್ಯನಿಗೆ ಶ್ರೀಗಂಧ ಕಡಿಯಲು ಪುರುಸೊತ್ತೇ ಇರಲಿಲ್ಲ. ನಿಜವಾಗಿ ಕಂಡವರು, ರಾತ್ರಿ ಕಾಡಿನವರಿಗೂ ಹಗಲು ಪೊಲೀಸರಿಗೂ ಉತ್ತರ ಕೊಟ್ಟು ನಲುಗಿದವರು, ಈ ಮಾತು ಬಂದರೆ ಅರ್ಧ ಟೀ ಬಿಟ್ಟು ಎದ್ದು ಹೋಗುತ್ತಾರೆ. ಅವರ ಹಿಂದೆ ಇನ್‌ಸ್ಪೆಕ್ಟ್ರು ಪೆನ್ಸಿಲ್ ಹಿಡಿದು ಹೋಗುವುದಿಲ್ಲ. ಅಷ್ಟು ಮರ್ಯಾದೆ ಅವರಿಗಿದೆ.

ಹನೂರಿನವರೇ ಆದ ಕೃಷ್ಣಮೂರ್ತಿ ಹನೂರರ ‘ಅಜ್ಞಾತನೊಬ್ಬನ ಆತ್ಮಚರಿತ್ರೆ’ಯನ್ನು ಹೆಸರು ನೋಡಿಯೇ ಕೊಂಡು ತಂದಿದ್ದರು. ‘ಅಜ್ಞಾತ ಅಂದ್ರೆ ಯಾರು? ಹನೂರಲ್ಲಿ ನಂಗೆ ಗೊತ್ತಿಲ್ದೋನು ಯಾರಿದಾನೆ?’ ಎಂಬ ಕುತೂಹಲ. ಟಿಪ್ಪು ಕಾಲದ ಕತೆಯೆಂದೂ ಕಾದಂಬರಿಯೆಂದೂ ಗೊತ್ತಾದಾಗ ಮೋಸಹೋದೆ ಎಂದು ಗೊಣಗಿದರು. ಆದರೂ ಅದನ್ನು ಆತ್ಮಕಥೆಗಳ ಸಾಲಿನಲ್ಲೇ ಇಟ್ಟಿದ್ದಾರೆ, ಊರಿನವರೆಂಬ ರಿಯಾಯಿತಿಯಲ್ಲಿ.

ಆ ಊರಿನ ಬಸ್‌ಸ್ಟ್ಯಾಂಡಿನಲ್ಲೇ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಕಂಸಾಳೆಯ ಗುಡ್ಡರೊಬ್ಬರನ್ನು ಹಿಡಿದು ಕೂರಿಸಿದರು.

‘ನಿಮ್ಮ ಜೀವನಚರಿತ್ರೆ ಹೇಳಿ, ಬರ್ಕೊತೀನಿ.’

‘ನಂದೇನದ ಬುದ್ದಿ? ಮಾದಪ್ಪನ ಕಥ ಹಾಡಕ್ಕೇ ರಾತ್ರ ಸಾಲ್ದು.’ ಬೇವಿನಹಟ್ಟಿ ಕಾಳಮ್ಮ, ಸಂಕಮ್ಮ, ಆಲಂಬಾಡಿ ಜುಂಜೇಗೌಡ ಎಂದು ಒಬ್ಬೊಬ್ಬರ ಊರು, ಹಟ್ಟಿ, ಗುಣ ಹೇಳುತ್ತಾ ಹೋದರು.

‘ಅದು ಮಾದಪ್ಪಂದಾಯ್ತು. ಅದ್ರಲ್ಲಿ ನೀವೆಲ್ಲಿದ್ದೀರಿ?’

‘ಹಾಡೋನು ನಾನಲ್ವ ಬುದ್ದಿ?’ ಎಂದು ಅವರು ಬಸ್ಸು ಹತ್ತಿದರು.

‘ಇಂಥೋರಿಂದ್ಲೇ ನಮ್ಮ ತಾಲ್ಲೂಕಲ್ಲಿ ಆತ್ಮಕಥೆ ಬೆಳೀಲಿಲ್ಲ’ ಎಂದು ಇನ್‌ಸ್ಪೆಕ್ಟ್ರು ಷರಾ ಬರೆದುಕೊಂಡರು. ಯಾರೂ ಬರೆಯದ ಮೇಲೆ ತಾವೇ ಬರೆಯಬೇಕೆಂದು ನಿಶ್ಚಯಿಸಿದ್ದೂ ಆಗಲೇ. ಹೆಸರು ‘ನಾಲ್ಕು ಜ್ವರ’.

ಬರವಣಿಗೆ ಶುರುವಾದದ್ದು ಕೊನೆಯಿಂದ. ಯಾವ ಆತ್ಮಕಥೆಯಲ್ಲೂ ಅವರು ಮೊದಲು ತೆಗೆಯುವುದು ಹಿಂದಿನ ಹೆಸರುಗಳ ಸೂಚಿ. ಆದ್ದರಿಂದ ಉದ್ದನೆಯ ಲೆಕ್ಕದ ಪುಸ್ತಕ ತಂದು ಮೊದಲು ಸೂಚಿ ಬರೆದರು, ಅಕಾರಾದಿಯಾಗಿ, ಅಂದಾಜು ಪುಟಸಂಖ್ಯೆ ಸಮೇತ. ಸುದ್ದಿ ಹಬ್ಬಿತು. ನೇಯ್ಗೆಯವರ ಬೀದಿಯಿಂದ ಒಬ್ಬರು ಬಂದು, ‘ನನ್ನ ಹೆಸರಿರ್ಲಿ ಸಾ, ಆದ್ರೆ ಆ ಚೀಟಿ ದುಡ್ಡಿನ ವಿಚಾರ ಬ್ಯಾಡ’ ಎಂದರು. ‘ಚೀಟಿ ದುಡ್ಡು ಬಿಟ್ರೆ ನಿಮ್ಮ ಬಗ್ಗೆ ನಂಗೇನು ಗೊತ್ತು?’ ಎಂದರು ಇವರು. ಯಳಂದೂರಿನ ಬೀಗರು ಫೋನು ಮಾಡಿ, ಮದುವೆಯ ಪ್ರಸಂಗ ಬಂದರೆ ತಮ್ಮ ಕಡೆಯವರನ್ನು ಎರಡನೇ ಪಂಕ್ತಿಗೆ ಕೂರಿಸಿದ್ದನ್ನೂ ಬರೆಯತಕ್ಕದ್ದು ಎಂದು ತಾಕೀತು ಮಾಡಿದರು. ಹನೂರಿನ ಹಳೆಯ ಸಹೋದ್ಯೋಗಿಗೆ ವೀರಪ್ಪನ್ ಅಧ್ಯಾಯದಲ್ಲೇ ಜಾಗ ಬೇಕು, ಬೇರೆಲ್ಲೂ ಬೇಡ. ಹೀಗೆ ಸೇರಿಸಿ, ತೆಗೆದು, ತಿದ್ದಿ ಸೂಚಿ ಮುಗಿಯಿತು. ಅದರ ಮುಂದಿರಬೇಕಾದ ಪುಸ್ತಕವೊಂದು ಬಾಕಿ.

ಈ ನಡುವೆ ಅಮ್ಮನವರು ತಮ್ಮ ಪಾಡಿಗೆ ತಾವು ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’ ಓದಿ ಮುಗಿಸಿದ್ದರು. ಲಂಕೇಶರ ‘ಹುಳಿಮಾವಿನ ಮರ’ವನ್ನು ಗಟ್ಟಿ ಗೂಡು ಎಂದು ಬೀದಿಗೆಲ್ಲ ಸಾರಿದ್ದ ಇನ್‌ಸ್ಪೆಕ್ಟ್ರು ಇದನ್ನು ಅವರ ಕೈಯಲ್ಲಿ ಕಂಡು ಸ್ವಲ್ಪ ಅಧೀರರಾದರು. ಅದೇ ಮನೆ, ಅದೇ ಮದುವೆ, ಲೆಕ್ಕ ಬರೆದವರು ಬೇರೆ. ಒಂದು ಸಂಜೆ ಅಮ್ಮನವರು ಲೆಕ್ಕದ ಪುಸ್ತಕ ಎತ್ತಿಕೊಂಡು ತಮ್ಮ ಹೆಸರು ಹುಡುಕಿದರು. ಇತ್ತು. ಮುಂದೆ ಪುಟಸಂಖ್ಯೆ ಇರಲಿಲ್ಲ, ‘ಅಲ್ಲಲ್ಲಿ’ ಎಂದಿತ್ತು.

‘ಪುಸ್ತಕದ ತುಂಬಾ ಇದ್ದೀಯಾ ಅಂತ ಅದರರ್ಥ’ ಎಂದರು ಇನ್‌ಸ್ಪೆಕ್ಟ್ರು, ಕೇಳುವ ಮುಂಚೆಯೇ.

‘ಅಲ್ಲಲ್ಲಿ ಇದ್ದದ್ದು ನೀವು ಕನ್ರೀ. ಹನೂರಲ್ಲಿ ಮೂರು ವರ್ಷ, ಯಳಂದೂರಲ್ಲಿ ನಾಲ್ಕು. ಮಕ್ಕಳ ಜ್ವರಕ್ಕೆಲ್ಲಾ ನಾನು ಇಲ್ಲೇ ಇದ್ದೆ.’

ಅಮ್ಮನವರೇ ಕೆಂಪು ಪೆನ್ಸಿಲ್ ತೆಗೆದುಕೊಂಡು ‘ಅಲ್ಲಲ್ಲಿ’ಯನ್ನು ಒಂದೇ ಗೆರೆಯಲ್ಲಿ ಹೊಡೆದು, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: ‘ಪ್ರತ್ಯೇಕ ಸಂಪುಟ ನೋಡಿ.’