ತಟ್ಟೆ ತೊಳೆಯುವ ಶಾಸ್ತ್ರ

ವಿನೈಲ್ ರೆಕಾರ್ಡಿಗೂ ಧೂಳಿಗೂ ಜನ್ಮಾಂತರದ ನಂಟು. ಕವರಿನಿಂದ ಹೊರಗೆಳೆಯುವಾಗಿನ ತಿಕ್ಕಾಟಕ್ಕೇ ತಟ್ಟೆಗೆ ಸ್ಥಿರವಿದ್ಯುತ್ ಏರುತ್ತದೆ. ಕೋಣೆಯ ಧೂಳೆಲ್ಲ ಅದರತ್ತ ಧಾವಿಸುತ್ತದೆ. ಕೂದಲೆಳೆಯಷ್ಟು ಕಿರಿದಾದ ಗೀರಿನೊಳಗೆ ಅದು ಬಿಡಾರ ಹೂಡಿದರೆ, ಪಿ.ಬಿ. ಶ್ರೀನಿವಾಸರ ಮೆಲುದನಿಗೂ ಚಟಪಟ ಸದ್ದಿನ ಪಕ್ಕವಾದ್ಯ ಖಾಯಂ.

ಮೊದಲನೆಯದು ಒಣ ಉಪಚಾರ. ತಿರುಗುವ ತಟ್ಟೆಯ ಮೇಲೆ ಕಾರ್ಬನ್ ಫೈಬರ್ ಬ್ರಷ್ಷನ್ನು ಹಗುರವಾಗಿ ಹಿಡಿದರೆ ಸಾಕು. ಪಂಚೆಯ ಅಂಚು, ಸೆರಗಿನ ತುದಿ, ಬಾಯಿಯ ಗಾಳಿ ಮೂರೂ ಪರಂಪರಾಗತ, ಮೂರೂ ನಿಷಿದ್ಧ. ಊದಿದಾಗ ಧೂಳು ಹೋಗುವುದಕ್ಕಿಂತ ಎಂಜಲು ಬರುವುದೇ ಹೆಚ್ಚು.

ಬೆರಳಿನ ಜಿಡ್ಡಿಗೆ ಒದ್ದೆ ಉಪಚಾರ ಬೇಕು. ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಬೆರೆಸಿ, ಮೈಕ್ರೋಫೈಬರ್ ಬಟ್ಟೆ ಅದ್ದಿ, ಗೀರಿನ ಜಾಡಿನಲ್ಲೇ ಸುತ್ತು ಹಾಕುತ್ತ ಒರೆಸಬೇಕು. ಆಮೇಲೆ ಬರಿಯ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಪ್ರದಕ್ಷಿಣೆ. ಗಡಸು ನಲ್ಲಿನೀರಾದರೆ ಅದರ ಸುಣ್ಣದಂಶ ಗೀರಿನಲ್ಲೇ ಉಳಿಯುತ್ತದೆ. ನಡುವಿನ ಕಾಗದದ ಲೇಬಲ್ ನೆನೆದರೆ ಗಾಯಕರು ಅನಾಮಧೇಯರಾಗುತ್ತಾರೆ.

ಅಜ್ಜನ ಕಾಲದ 78 ಆರ್‌ಪಿಎಂ ತಟ್ಟೆಗಳು ಬಹುತೇಕ ಅರಗಿನವು. ಆಲ್ಕೋಹಾಲ್ ತಾಗಿದರೆ ಅರಗು ಕರಗುತ್ತದೆ. ಆದ್ದರಿಂದ ಅವಕ್ಕೆ ಕಟ್ಟುನಿಟ್ಟಿನ ಪಾನನಿಷೇಧ.

ತೊಳೆದದ್ದನ್ನು ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಆರಿಸಬೇಕು. ಬಿಸಿಲಿಗಿಟ್ಟರೆ ತಟ್ಟೆ ಸೊಟ್ಟಗಾಗಿ ಹಾಡು ಓಲಾಡುತ್ತದೆ. ಪ್ಲೇಯರಿನ ಮುಳ್ಳನ್ನೂ ಮೆತ್ತನೆಯ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಸವರಬೇಕು. ಅಡ್ಡಡ್ಡ ಸವರಿದರೆ ಅದರ ಕಡ್ಡಿ ಬಾಗೀತು. ಕೊನೆಯದಾಗಿ, ತಟ್ಟೆಗೆ ಹೊಸ ಒಳಕವರು ತೊಡಿಸಿ ನೆಟ್ಟಗೆ ನಿಲ್ಲಿಸಿಡಬೇಕು. ಧೂಳು ಹಿಡಿದ ಹಳೆಯ ಕವರಿಗೇ ಮರಳಿಸಿದರೆ ಇಷ್ಟೆಲ್ಲ ಶ್ರಮವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.