ಅಧಿಕಾರ ಹಂಚುವ ಯಂತ್ರ: ಹೊಸ ಸಚಿವರಿಗೊಂದು ಕೈಪಿಡಿ

ಅಭಿನಂದನೆಗಳು. ಕರ್ನಾಟಕದ ಅಧಿಕಾರ ವಿಕೇಂದ್ರೀಕರಣ ಯಂತ್ರ ಈಗ ತಮ್ಮ ಸುಪರ್ದಿಗೆ ಬಂದಿದೆ. ಗುಂಡಿ ಒತ್ತುವ ಮುಂಚೆ ಇದನ್ನೊಮ್ಮೆ ಓದಿ. ಹಂಚಿದ ಅಧಿಕಾರ ನಿಜಕ್ಕೂ ಕೈಬಿಟ್ಟು ಹೋದರೆ ನಾವು ಹೊಣೆಯಲ್ಲ.

ಮೊದಲಿಗೆ, ಹಳೆಯ ಮಾದರಿಯನ್ನು ಮುಟ್ಟಬೇಡಿ. 1983ರ ಕಾಯ್ದೆಯಲ್ಲಿ ರೂಪುಗೊಂಡು 1987ರ ಚುನಾವಣೆಯಿಂದ ಓಡಲು ಶುರುವಾದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತಿನ ಗಾಡಿ ಅದು. ಅದರ ಹಿಂದಿದ್ದವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎನಿಸಿಕೊಂಡವರು. ನೆಲದಡಿಯ ನೀರನ್ನು ಮೇಲೆತ್ತಿದ್ದು ಸಾಲದೆ ವಿಧಾನಸೌಧದ ಅಧಿಕಾರವನ್ನು ಕೆಳಗಿಳಿಸಲು ಹೊರಟರು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಐಎಎಸ್ ಅಧಿಕಾರಿ, ಕಾಲುಭಾಗ ಸ್ಥಾನ ಹೆಂಗಸರಿಗೆ. ಇಷ್ಟೆಲ್ಲ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ! ಜನರೆಲ್ಲ ಅಧ್ಯಕ್ಷರ ಬಾಗಿಲಿಗೆ ಹೋದರೆ ಶಾಸಕರ ಮನೆ ಮುಂದೆ ಅರ್ಜಿ ಹಿಡಿದು ನಿಲ್ಲುವವರು ಯಾರು? 1992ರಲ್ಲಿ ಅವಧಿ ಮುಗಿಯಿತು. ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದು ಕೂತರು.

ಈಗಿನ ಮಾದರಿ 1993ರ ಕಾಯ್ದೆಯದು. ಇದಕ್ಕೆ ಸಂವಿಧಾನದ ಸೀಲು ಬಿದ್ದಿರುವುದರಿಂದ ಒಡೆಯಲು ಬರುವುದಿಲ್ಲ. ಒಡೆಯುವ ಅಗತ್ಯವೂ ಇಲ್ಲ, ಮುಂದೂಡಿದರೆ ಸಾಕು. ಕ್ಷೇತ್ರ ಮರುವಿಂಗಡಣೆ ಅನ್ನಿ, ಮೀಸಲಾತಿ ಪಟ್ಟಿ ಅನ್ನಿ, ಆಕ್ಷೇಪಣೆ ಕರೆಯಿರಿ. ಅಷ್ಟರಲ್ಲಿ ಯಾರಾದರೂ ಪುಣ್ಯಾತ್ಮರು ಕೋರ್ಟಿಗೆ ಹೋಗಿಯೇ ಹೋಗುತ್ತಾರೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಕಳೆದದ್ದು ಈ ಗುಂಡಿಯ ಮಹಿಮೆ. ಪಕ್ಷ ಯಾವುದಾದರೂ ಗುಂಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಬೆಂಗಳೂರಿಗೆ ಬೇರೆ ವಿಧಾನ. 2025ರಲ್ಲಿ ಮಾಡಿದ ಹಾಗೆ ಪಾಲಿಕೆಯನ್ನು ಐದು ಮಾಡಿ, ಮೇಲೊಂದು ಪ್ರಾಧಿಕಾರ ಕೂರಿಸಿ, ಅದಕ್ಕೆ ಮುಖ್ಯಮಂತ್ರಿಗಳನ್ನೇ ಅಧ್ಯಕ್ಷರನ್ನಾಗಿಸಿ. ಹೋಳಿಗೆ ಐದು ತುಂಡು, ತಟ್ಟೆ ಮಾತ್ರ ನಮ್ಮ ಮನೆಯದು.

ಸಾಗಣೆಯಲ್ಲಿ ಎಚ್ಚರಿಕೆ: ದಿಲ್ಲಿಗೆ ಹೋದಾಗ ಒಕ್ಕೂಟ ವ್ಯವಸ್ಥೆಯ ಬಗ್ಗೆ ಗಟ್ಟಿಯಾಗಿ ಗುಡುಗಿ. ತೆರಿಗೆ ಪಾಲು 15ನೇ ಹಣಕಾಸು ಆಯೋಗದಲ್ಲಿ ಶೇ 4.713ರಿಂದ 3.647ಕ್ಕೆ ಇಳಿದದ್ದು ನಿಜವಾದ ಅನ್ಯಾಯವೇ, ಬಿಡದೆ ಹೇಳಿ. ವಿಮಾನ ದೇವನಹಳ್ಳಿಯಲ್ಲಿ ಇಳಿಯುತ್ತಿದ್ದಂತೆ ಆ ಭಾಷಣವನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ. ಗ್ರಾಮ ಪಂಚಾಯಿತಿ ಅಧ್ಯಕ್ಷರ ಕೈಗೆ ಸಿಕ್ಕರೆ ‘ದಿಲ್ಲಿ’ ಎಂದಿದ್ದ ಕಡೆ ‘ಬೆಂಗಳೂರು’ ಎಂದು ತಿದ್ದಿ, ಮಿಕ್ಕದ್ದನ್ನು ಹಾಗೇ ಓದಿಬಿಟ್ಟಾರು.

ನಿರ್ವಹಣೆ: ಜಿಲ್ಲಾ ಪಂಚಾಯಿತಿ ಸಭಾಂಗಣದ ಗೋಡೆಯ ಮೇಲೆ ಅಧ್ಯಕ್ಷರ ಹೆಸರಿನ ಹಲಗೆ ಇರುತ್ತದೆ, ಇಂದ–ವರೆಗೆ ಎಂಬ ಎರಡು ಕಾಲಂ ಸಮೇತ. ವಾರಕ್ಕೊಮ್ಮೆ ಧೂಳು ಒರೆಸಿ. ಕೊನೆಯ ಸಾಲಿನ ಕೆಳಗೆ ಬಣ್ಣ ಬಳಿಸಬೇಡಿ, ಪೇಂಟರ್ ಬಂದರೆ ಹೆಸರು ಕೇಳುತ್ತಾನೆ.