ಗಜಪರೀಕ್ಷಾ ಮೀಮಾಂಸೆ, ಅಥವಾ ಆಲೂರು ಸೀಮೆಯ ಬೇಲಿ ಟೆಸ್ಟರುಗಳು

ತಂತ್ರಾಂಶ ಪರೀಕ್ಷಕನು, ಅಂದರೆ ಲೋಕರೂಢಿಯ ಟೆಸ್ಟರು, ಬೆಳೆಯುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ವಿದ್ವಾಂಸರು ಇಂದಿನವರೆಗೆ ಬೆಂಗಳೂರಿನ ಏಸಿ ಕೋಣೆಗಳಲ್ಲಿ ಕೂತೇ ಚರ್ಚಿಸಿದ್ದಾರೆ. ಹಾಗಾಗಿ ಉತ್ತರ ಸಿಕ್ಕಿಲ್ಲ. ಉತ್ತರವಿರುವುದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಕಾಫಿ ತೋಟದ ಸೋಲಾರ್ ಬೇಲಿಯ ಆಚೆಗೆ. ಈಚೆಗೂ ಇರಬಹುದು, ಅದು ಆಯಾ ರಾತ್ರಿಯ ಪರೀಕ್ಷೆಯ ಫಲಿತಾಂಶಕ್ಕೆ ಬಿಟ್ಟದ್ದು. ಈ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಜಿಲ್ಲೆಯ ಅತ್ಯಂತ ನುರಿತ ಟೆಸ್ಟರು ಆನೆ.

ಪೂರ್ವಸೂರಿಗಳನ್ನು ನೆನೆಯದೆ ಮುಂದೆ ಹೋಗುವುದು ಶಾಸ್ತ್ರಸಮ್ಮತವಲ್ಲ. ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದವಿದೆ, ನೀಲಕಂಠನ ಮಾತಂಗಲೀಲೆಯಿದೆ, ನಮ್ಮವನೇ ಆದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸವಿದೆ. ಆನೆಯನ್ನು ಹಿಡಿಯುವುದು, ಪಳಗಿಸುವುದು, ಅದರ ಲಕ್ಷಣ ನೋಡುವುದು, ಮದ್ದು ಕೊಡುವುದು, ಇವೆಲ್ಲದರ ಮೇಲೆ ಹಿರಿಯರು ಕೈಯಾಡಿಸಿದ್ದಾರೆ. ಆನೆ ನಮ್ಮನ್ನು ಪರೀಕ್ಷಿಸಿದರೆ ಗತಿಯೇನು ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತೆ ಕಾಣದು. ಹಳೇಬೀಡಿನ ಶಿಲ್ಪಿಗಳಿಗೆ ಏನೋ ಸುಳಿವು ಸಿಕ್ಕಿರಬೇಕು. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಆನೆಗಳ ಸಾಲು ಎಲ್ಲಕ್ಕಿಂತ ಕೆಳಗಿದೆ. ಸಿಂಹ, ಕುದುರೆ, ಪುರಾಣದ ಕಥೆ, ದೇವರು ಎಲ್ಲ ಅದರ ಮೇಲೆ. ಸಾಫ್ಟ್‌ವೇರ್ ಕಂಪನಿಯ ಪದವಿಶ್ರೇಣಿಯಲ್ಲಿ ಟೆಸ್ಟರನ್ನು ಎಲ್ಲಿ ಕೂರಿಸುತ್ತಾರೆಂದು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಆನೆಗೆ ಸರ್ಟಿಫಿಕೇಟ್ ಇಲ್ಲವಲ್ಲ ಎನ್ನುತ್ತಾರೆ. ನಿಜ. 2002ರಲ್ಲಿ ಹುಟ್ಟಿದ ಐಎಸ್‌ಟಿಕ್ಯೂಬಿ ಎಂಬ ಅಂತರರಾಷ್ಟ್ರೀಯ ಮಂಡಳಿಯ ಮೊದಲ ಮೆಟ್ಟಿಲ ಪರೀಕ್ಷೆಯಲ್ಲಿ 40 ಪ್ರಶ್ನೆ, 60 ನಿಮಿಷ; 26 ಸರಿ ಬಂದರೆ ಪಾಸು. ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಹಾಕಿದರೆ ಹೊಸ ದೋಷ ಸಿಗದು, ಕೀಟನಾಶಕಕ್ಕೆ ಹುಳ ಒಗ್ಗಿಹೋದಂತೆ, ಎಂಬ ಬೋರಿಸ್ ಬೈಜರ್‌ನ ತತ್ತ್ವವೂ ಆ ಪಠ್ಯದಲ್ಲಿ ಬಂದಿದೆ. ಅಭ್ಯರ್ಥಿಗಳು ಅದನ್ನು ಬಾಯಿಪಾಠ ಮಾಡಿ, ಉತ್ತರಕ್ಕೆ ಟಿಕ್ ಹಾಕಿ, ಮರುದಿನ ಆಫೀಸಿಗೆ ಹೋಗಿ ಹೋದ ವರ್ಷದ ಅದೇ ಎಕ್ಸೆಲ್ ಹಾಳೆ ತೆರೆದು ಅದೇ ಟೆಸ್ಟ್ ಕೇಸುಗಳನ್ನು ಅದೇ ಕ್ರಮದಲ್ಲಿ ಓಡಿಸುತ್ತಾರೆ. ಆನೆ ಈ ತತ್ತ್ವವನ್ನು ಓದಿಲ್ಲ. ಅದಕ್ಕೇ ಪಾಲಿಸುತ್ತದೆ.

ಈಗ ವಿಧಾನಕ್ಕೆ ಬರೋಣ. ಸೋಲಾರ್ ಬೇಲಿಯ ಎನರ್ಜೈಸರ್ ಎಂಬ ಪೆಟ್ಟಿಗೆಯು ತಂತಿಯೊಳಗೆ ಸೆಕೆಂಡಿಗೊಮ್ಮೆ ಎಂಬಂತೆ ಸಾವಿರಾರು ವೋಲ್ಟಿನ ಮಿಂಚುಕಾಲದ ಹೊಡೆತ ಕಳಿಸುತ್ತದೆ. ಪ್ರಾಣಿ ಮುಟ್ಟಿದರೆ ಅದರ ಮೈಯ ಮೂಲಕ ವಿದ್ಯುತ್ತು ನೆಲಕ್ಕಿಳಿದು ಸುತ್ತು ಪೂರ್ತಿಯಾಗಬೇಕು, ಆಗಲೇ ಪೆಟ್ಟು. ಸಾಯುವಂಥದ್ದಲ್ಲ, ಇನ್ನೊಮ್ಮೆ ಈ ಕಡೆ ಸುಳಿಯಬೇಡ ಎಂಬಷ್ಟು. ವಿನ್ಯಾಸಕಾರನ ಮನಸ್ಸಿನಲ್ಲಿ ಆನೆ ಸೊಂಡಿಲಿನಿಂದ ತಂತಿ ಮುಟ್ಟುತ್ತದೆ, ಬೆಚ್ಚುತ್ತದೆ, ಹಿಂದಿರುಗುತ್ತದೆ. ಟೆಸ್ಟಿಂಗ್ ಪಂಡಿತರು ಇದನ್ನು ಹ್ಯಾಪಿ ಪಾತ್ ಎಂದು ಕರೆಯುತ್ತಾರೆ. ಆನೆಗೆ ಹ್ಯಾಪಿ ಪಾತ್ ಬೇರೆಯೇ ಇದೆ. ಅದು ಹಲಸಿನ ಮರದ ಕಡೆಗೆ ಹೋಗುತ್ತದೆ.

ದಂತದಲ್ಲಿ ವಿದ್ಯುತ್ತು ಸರಿಯಾಗಿ ಹರಿಯದೆಂದು ಕೊಂಬಾನೆಗಳು ಕಂಡುಕೊಂಡವು. ತಂತಿಯನ್ನು ದಂತಕ್ಕೆ ಸಿಕ್ಕಿಸಿ ಎಳೆದವು. ದಂತವಿಲ್ಲದವು ಸುಮ್ಮನಿರಲಿಲ್ಲ, ಪಕ್ಕದ ಮರವನ್ನೇ ತಂತಿಯ ಮೇಲೆ ದೂಡಿ ಅದರ ಮೇಲೆ ನಡೆದವು. ಅದೂ ಇಲ್ಲದ ಕಡೆ ಕಂಬ ಮುರಿದವು. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ಸೋಲುತ್ತದೆ, ಮಳೆಗಾಲದಲ್ಲಿ ಕಳೆ ಬೆಳೆದು ತಂತಿಗೆ ತಾಗಿ ವಿದ್ಯುತ್ತೆಲ್ಲ ಸೋರಿಹೋಗುತ್ತದೆ. ವರ್ಷದ ಎರಡು ಕಾಲಕ್ಕೂ ಬೇರೆ ಬೇರೆ ಬಗ್. ಇನ್ನು ಆನೆ ಕಂದಕ. ಅದರ ದಂಡೆಯನ್ನು ಕಾಲಿನಿಂದ ಕೆಡವಿ ಇಳಿಜಾರು ಮಾಡಿಕೊಳ್ಳುವುದು ಸಾಮಾನ್ಯ. ಕಂದಕ ತೋಡುವಾಗ ಬಂಡೆಯೋ ಹಳ್ಳವೋ ಅಡ್ಡ ಬಂದು ಬಿಟ್ಟುಹೋದ ಜಾಗವಿದ್ದರೆ ಅಷ್ಟೂ ಶ್ರಮವಿಲ್ಲ. ದೋಷವು ಅಂಚಿನಲ್ಲೇ ಅಡಗಿರುತ್ತದೆ, ನಡುವೆ ಹುಡುಕಬೇಡಿ ಎಂದು ಹೇಳಿಕೊಡುವ ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಶುದ್ಧ ಉದಾಹರಣೆಯನ್ನು ಲೇಖಕನು ಕಂಡಿಲ್ಲ.

ದೋಷ ಸಾಬೀತಾದ ಬೆಳಗ್ಗೆ ಬೇಲಿ ಹಾಕಿದವರಿಗೆ ಫೋನು ಹೋಗುತ್ತದೆ. ಬರುವ ಉತ್ತರವನ್ನು ಪಾಠಾಂತರವಿಲ್ಲದೆ ದಾಖಲಿಸಿದೆ:

“ಮೊನ್ನೆ ನಾನೇ ಮುಟ್ಟಿ ನೋಡಿದೀನಿ ಸಾ, ಸರಿಯಾಗೇ ಹೊಡೀತಿತ್ತು.”

ಡೆವಲಪರನ ಬಾಯಲ್ಲಿ ಇದೇ ವಾಕ್ಯ ‘ನನ್ನ ಮಷೀನಿನಲ್ಲಿ ಓಡುತ್ತಿದೆಯಲ್ಲ’ ಎಂದಾಗುತ್ತದೆ. ಎರಡು ಕುಲಗಳೂ ಒಂದೇ ಮೂಲದವೆಂದು ಊಹಿಸಲು ಆಧಾರವಿದೆ.

ಪ್ರಬಂಧದ ತಿರುಳು ಮುಂದಿದೆ. ಈ ವಿದ್ಯೆ ಒಂದು ಆನೆಯಿಂದ ಇನ್ನೊಂದಕ್ಕೆ ದಾಟುವುದು ಹೇಗೆ? 2019ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಗಂಡಾನೆಗಳ ಮೇಲೊಂದು ಅಧ್ಯಯನ ಬಂತು. ಗಂಡಾನೆ ಒಂಟಿ ಜೀವಿ ಎಂಬುದು ಹಳೆಯ ಮಾತು. ಆದರೆ ಕಾಡು ಕರಗಿ ಹೊಲಗದ್ದೆ ಹೆಚ್ಚಿದ ಕಡೆ ಹರೆಯದ ಗಂಡಾನೆಗಳು ಗುಂಪು ಕಟ್ಟಿ ಬಹುಕಾಲ ಒಟ್ಟಿಗೆ ಇರುತ್ತವೆ, ಅಪಾಯದ ಸೀಮೆಯಲ್ಲಿ ಬದುಕುವ ಉಪಾಯವನ್ನು ಬಹುಶಃ ಹಿರಿಯರಿಂದ ಕಲಿಯುತ್ತವೆ ಎಂದು ಸಂಶೋಧಕರು ಹೇಳಿದರು. ಊರು ಬಿಟ್ಟ ಹರೆಯದ ಗಂಡುಗಳು ಊಟ ಸಿಗುವ ಜಾಗದ ಹತ್ತಿರ ಗುಂಪಾಗಿ ವಾಸಿಸಿ, ಒಬ್ಬ ಸೀನಿಯರನ ಹಿಂದೆ ತಿರುಗಿ ಕಸುಬು ಕಲಿಯುವ ಈ ಏರ್ಪಾಟಿಗೆ ಬೆಂಗಳೂರಿನಲ್ಲಿ ಪಿಜಿ ಎನ್ನುತ್ತಾರೆ. ಟೆಸ್ಟರುಗಳಿಗೂ ಇದು ಹೊಳೆಯದೆ ಇರಲಿಲ್ಲ. 2009ರಲ್ಲಿ ಬೆಂಗಳೂರಿನ ಕೆಲವರು ವೀಕೆಂಡ್ ಟೆಸ್ಟಿಂಗ್ ಶುರುಮಾಡಿದರು. ರಜಾದಿನ ಆನ್‌ಲೈನಿನಲ್ಲಿ ಸೇರಿ ಒಂದೇ ತಂತ್ರಾಂಶವನ್ನು ಎಲ್ಲರೂ ಕೆದಕುವುದು, ಆಮೇಲೆ ಯಾರು ಎಲ್ಲಿ ಏನು ಹೇಗೆ ಹುಡುಕಿದರು ಎಂದು ಮಾತಾಡುವುದು. ಆ ಕೊನೆಯ ಮಾತುಕತೆಯೇ ಅದರ ಜೀವ. ಬಗ್ ಸಿಕ್ಕಿದ್ದು ಒಬ್ಬನಿಗೆ, ಬಗೆ ಸಿಕ್ಕಿದ್ದು ಎಲ್ಲರಿಗೆ. ಲೇಖಕನು ಕಂಡ ಆಫೀಸುಗಳಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ ನಡೆಯುತ್ತದೆ: ಬಗ್ಗನ್ನು ನೂರು ಜನಕ್ಕೆ ಮೇಲ್ ಮಾಡುತ್ತಾರೆ, ಹುಡುಕಿದ ಉಪಾಯವನ್ನು ಅಪ್ರೈಸಲ್ ಮುಗಿಯುವವರೆಗೆ ಬಚ್ಚಿಡುತ್ತಾರೆ. ಹೀಗೆ ಬಚ್ಚಿಟ್ಟ ಆನೆಯನ್ನು ಆಲೂರಿನವರು ಯಾರೂ ಕಂಡಿಲ್ಲ.

ಮನುಷ್ಯರ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಆಲೂರು, ಸಕಲೇಶಪುರ, ಬೇಲೂರಿನ ಕಡೆ ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರ್ ಬಿದ್ದಿದೆ. ಗುಂಪುಗಳಿಗೆ ಬೀಟಮ್ಮ, ಭುವನೇಶ್ವರಿ ಎಂದು ಹೆಸರಿದೆ; ಒಂಟಿ ಸಲಗಕ್ಕೆ ಭೀಮ ಎಂದು. ಯಾವ ಗುಂಪು ಯಾವ ತೋಟದಲ್ಲಿದೆಯೆಂದು ಎಸ್ಸೆಮ್ಮೆಸ್ ಬರುತ್ತದೆ, ವಾಟ್ಸಾಪಿನಲ್ಲಿ ಬರುತ್ತದೆ, ರಸ್ತೆಬದಿಯ ಬೋರ್ಡಿನಲ್ಲಿ ಅಕ್ಷರ ಓಡುತ್ತದೆ. ಅದನ್ನು ನೋಡಿಕೊಂಡೇ ತೋಟದ ರೈಟರು ಆಳುಗಳನ್ನು ಯಾವ ಪಟ್ಟಿಗೆ ಕಳಿಸಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುತ್ತಾರೆ. ಎಲ್ಲಿ, ಯಾವಾಗ, ಎಷ್ಟು, ಯಾವ ದಿಕ್ಕಿಗೆ ಎಂಬ ನಾಲ್ಕೂ ಇರುವ ಇಷ್ಟು ಚೊಕ್ಕ ಬಗ್ ರಿಪೋರ್ಟನ್ನು ಲೇಖಕನು ಬೇರೆಲ್ಲೂ ಓದಿಲ್ಲ. ‘ವರ್ಕ್ ಆಗ್ತಿಲ್ಲ, ದಯವಿಟ್ಟು ನೋಡಿ’ ಎಂದು ಬರೆಯುವ ಪದವೀಧರರನ್ನು ಒಂದು ಮಳೆಗಾಲ ಈ ಗುಂಪಿಗೆ ಸೇರಿಸುವುದು ಒಳ್ಳೆಯದು.

ಆಡಳಿತವರ್ಗದ ಮೇಧಾಶಕ್ತಿಗೂ ಇಲ್ಲಿ ನಿದರ್ಶನವಿದೆ. ಹೈಕೋರ್ಟ್ ನೇಮಿಸಿದ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2014ರ ಸುಮಾರಿನಲ್ಲಿ ಆಲೂರು ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಟೆಸ್ಟಿಂಗ್ ವಿಭಾಗವನ್ನೇ ತೆಗೆದುಹಾಕಿದರೆ ಬಗ್ ವರದಿ ನಿಲ್ಲುತ್ತದೆ ಎಂಬ ಸಿದ್ಧಾಂತ ಐಟಿ ಜಗತ್ತಿನಲ್ಲಿ ಆಗಾಗ ತಲೆಯೆತ್ತುವುದುಂಟು. ಆಲೂರಿನಲ್ಲಿ ಹುದ್ದೆ ಖಾಲಿಯಾಯಿತು, ಕೆಲಸ ಹಾಗೇ ಉಳಿಯಿತು. ಬೇರೆ ಆನೆಗಳು ಬಂದು ಸೇರಿಕೊಂಡವು.

ಬಗ್ ರಿಪೋರ್ಟಿನಲ್ಲಿ ಸಿವಿಯರಿಟಿ ಎಂಬ ಕಾಲಮ್ಮಿರುತ್ತದೆ, ದೋಷ ಎಷ್ಟು ಘೋರ ಎಂದು ತುಂಬಲಿಕ್ಕೆ. 2023ರ ಡಿಸೆಂಬರ್ 4ರಂದು, ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ, ಸಕಲೇಶಪುರ ತಾಲ್ಲೂಕಿನ ಯಸಳೂರಿನ ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತ. ಬೆಳಗ್ಗೆ ತೋಟಕ್ಕೆ ಹೊರಟು ಮನೆಗೆ ಬಾರದ ಆಳುಗಳ ಹೆಸರು ಅಷ್ಟು ದೂರ ಹೋಗುವುದಿಲ್ಲ. ಈ ಕಾಲಮ್ಮಿನಲ್ಲಿ ಅಣಕಕ್ಕೆ ಜಾಗವಿಲ್ಲ, ಮುಂದಿನದಕ್ಕೆ ಹೋಗುತ್ತೇನೆ.

ಸದ್ಯ ಹೊಸ ಆವೃತ್ತಿ ಬಿಡುಗಡೆಯಾಗಿದೆ. ತೂಗುಬೇಲಿ: ಎತ್ತರದ ತಂತಿಯಿಂದ ಎಳೆಗಳು ಕೆಳಕ್ಕೆ ಜೋತುಬಿದ್ದಿರುತ್ತವೆ, ಆನೆ ಎತ್ತಲಿಂದ ನುಗ್ಗಿದರೂ ಮುಖಕ್ಕೋ ಮೈಗೋ ತಗಲುತ್ತವೆ, ದಂತಕ್ಕೆ ಸಿಕ್ಕಿಸಿ ಎಳೆಯಲು ಬಿಗಿದ ತಂತಿ ಹತ್ತಿರದಲ್ಲಿಲ್ಲ. ಹಿಂದಿನ ದೋಷಗಳನ್ನು ಓದಿಕೊಂಡು ಮಾಡಿದ ವಿನ್ಯಾಸ ಎಂಬುದರಲ್ಲಿ ಸಂಶಯವಿಲ್ಲ. ಹಾಕಿ ಮುಗಿಸಿದ ಸಂಜೆ ಕಂಟ್ರಾಕ್ಟರು ಕೈ ಒರೆಸಿಕೊಳ್ಳುತ್ತ, “ಇನ್ನು ನಿಶ್ಚಿಂತೆಯಾಗಿ ಮಲ್ಕಳಿ ಗೌಡ್ರೆ, ಎಲ್ಲ ಟೆಸ್ಟ್ ಮಾಡಿ ಆಗೈತೆ” ಎಂದರು. ಗೌಡರು ತಂತಿಯ ಕೆಳಗಿನಿಂದ ಮೇಲಕ್ಕೊಮ್ಮೆ ನೋಡಿದರು.

“ಆಯ್ತಪ್ಪ. ಆನೆಗೆ ತೋರ್ಸಿದ್ಯಾ?”